ಹೂವಿಗೆ ಬಂದವರ ಹಾಜರಿ

ಹಿತ್ತಲಿನ ಒಂದು ಗಿಡದ ಮುಂದೆ ಹತ್ತು ನಿಮಿಷ ಕೂತು, ಹೂವಿಗೆ ಬಂದ ಹುಳುಗಳನ್ನು ಎಣಿಸಿ ಬರೆದಿಟ್ಟರೆ ಅದೂ ವಿಜ್ಞಾನದ ಕೆಲಸವೇ. ಭಾಲ್ಕಿ ತಾಲ್ಲೂಕಿನ ಹಲಬರ್ಗಾದಲ್ಲಿ ಕೂತು ಮಾಡಿದ ಎಣಿಕೆಯ ಅನುಭವ ಇಲ್ಲಿದೆ.

ನಮ್ಮ ಬೀದರ್ ಜಿಲ್ಲೆಯವರಿಗೆ ಹುಳು ಎಣಿಸುವುದು ಹೊಸದೇನಲ್ಲ. ತೊಗರಿ ಹೂ ಬಿಡುವ ಅಕ್ಟೋಬರ್-ನವೆಂಬರ್ ಬಂತೆಂದರೆ ಯಾವ ಊರಿನ ಚಹಾ ಅಂಗಡಿಯಲ್ಲಿ ಕೂತರೂ ಅದೇ ಮಾತು: ‘ನಿಮ್ಮ ಹೊಲದಾಗ ಗಿಡಕ್ಕ ಎಷ್ಟ ಕೀಡಿ ಅವ?’ ಗಿಡದ ಬುಡಕ್ಕೆ ತಾಡಪತ್ರಿ ಹಾಸಿ, ಗಿಡ ಬಗ್ಗಿಸಿ ಜಾಡಿಸಿ, ಬಿದ್ದ ಕಾಯಿಕೊರಕ ಹುಳುಗಳನ್ನು ಎಣಿಸುವುದು ಹಳೆಯ ಪದ್ಧತಿ. ಹೊಲದಲ್ಲಿ ಮೋಹಕ ಬಲೆ ಕಟ್ಟಿ, ಅದರಲ್ಲಿ ಬಿದ್ದ ಪತಂಗಗಳನ್ನು ಎಣಿಸುವವರೂ ಇದ್ದಾರೆ. ಕೀಟಬಾಧೆಯ ಲೆಕ್ಕ ಇಡಲು ರಾಯಚೂರು ಕೃಷಿ ವಿಶ್ವವಿದ್ಯಾಲಯ ‘ಇ-ಸ್ಯಾಪ್’ ಎಂಬ ತಂತ್ರಾಂಶವನ್ನೇ ತಂದಿದೆ.

ಅಂದರೆ ಬೆಳೆ ತಿನ್ನುವವರ ಲೆಕ್ಕ ನಮ್ಮ ಹತ್ತಿರ ಇದೆ. ಅದೇ ಗಿಡದ ಹೂವಿಗೆ ಬಂದು, ಪರಾಗ ಹೊತ್ತು ಹೋಗುವವರ ಲೆಕ್ಕ? ಅದನ್ನು ಯಾರೂ ಬರೆದಿಟ್ಟಿಲ್ಲ. ‘ಮೊದಲ ಭಾಳ ಜೇನ ಇರತಿದ್ದವ್ರಿ, ಈಗ ಕಮ್ಮಿ ಆಗ್ಯಾವ’ ಎಂದು ಊರಿನ ಹಿರಿಯರು ಹೇಳುತ್ತಾರೆ. ಎಷ್ಟಿದ್ದವು, ಈಗ ಎಷ್ಟಾಗಿವೆ ಎಂದು ಕೇಳಿದರೆ ಉತ್ತರ ಇಲ್ಲ. ಉತ್ತರ ಬೇಕಾದರೆ ಯಾರಾದರೂ ಒಬ್ಬರು ಇವತ್ತಿನಿಂದ ಬರೆದಿಡಬೇಕು. ಅದಕ್ಕೆ ಕೀಟಶಾಸ್ತ್ರದ ಪದವಿ ಬೇಕಿಲ್ಲ.

ಒಂದು ಮೊಳದ ಚೌಕ, ಹತ್ತು ನಿಮಿಷ

ನಾನು ಹಿಡಿದ ವಿಧಾನ ಬ್ರಿಟನ್ನಿನದು. ಅಲ್ಲಿ 2017ರಿಂದ ಪರಾಗಸ್ಪರ್ಶಿ ಕೀಟಗಳ ಮೇಲೆ ನಿಗಾ ಇಡುವ ಯೋಜನೆಯೊಂದು ನಡೆದಿದೆ. ಅದರಲ್ಲಿ ಸಾಮಾನ್ಯ ಜನರಿಗೆ ಕೊಟ್ಟ ಕೆಲಸ ತೀರಾ ಸರಳ. 50 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲದ ಒಂದು ಚೌಕ ಗುರುತಿಸಿ, ಅದರೊಳಗಿನ ಒಂದು ಜಾತಿಯ ಹೂವಿನ ಮೇಲೆ ಹತ್ತು ನಿಮಿಷದಲ್ಲಿ ಕೂತ ಕೀಟಗಳನ್ನೆಲ್ಲ ಎಣಿಸುವುದು. ಅಷ್ಟೇ.

50 ಸೆಂಟಿಮೀಟರ್ ಅಂದರೆ ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂದು ಮೊಳ. ನಾಲ್ಕು ತೊಗರಿ ಕಟ್ಟಿಗೆ ಅಳೆದು ಕತ್ತರಿಸಿ ಸುತ್ತಲಿ ದಾರದಿಂದ ಕಟ್ಟಿದರೆ ಚೌಕ ತಯಾರು. ಇನ್ನು ಬೇಕಾದದ್ದು ಒಂದು ನೋಟ್‌ಬುಕ್ಕು, ಪೆನ್ನು, ಮೊಬೈಲಿನಲ್ಲಿ ಗಡಿಯಾರ. ಬರೆಯುವುದು ಇಷ್ಟು: ದಿನಾಂಕ, ಸಮಯ, ಊರು, ಯಾವ ಹೂವು, ಚೌಕದೊಳಗೆ ಎಷ್ಟು ಹೂವು ಅರಳಿವೆ, ಬಿಸಿಲೋ ಮೋಡವೋ, ಗಾಳಿ ಹೇಗಿದೆ. ಆಮೇಲೆ ಬಂದವರ ಹಾಜರಿ. ಮಳೆ ಬರುವಾಗ ಎಣಿಸುವುದಿಲ್ಲ. ಹೂವಿನ ಮೇಲೆ ಕೂರದೆ ಹಾಗೇ ಹಾರಿ ಹೋದವರನ್ನೂ ಎಣಿಸುವುದಿಲ್ಲ.

ಈ ವಿಧಾನದಲ್ಲಿ ನನಗೆ ಹಿಡಿಸಿದ್ದು, ಹುಳುವಿನ ಹೆಸರು ಗೊತ್ತಿರಲೇಬೇಕು ಎಂಬ ಹಟ ಇಲ್ಲದಿರುವುದು. ಜೇನು, ಒಂಟಿ ಜೇನು, ಕಣಜ, ಹೂನೊಣ, ಬೇರೆ ನೊಣ, ಚಿಟ್ಟೆ-ಪತಂಗ, ದುಂಬಿ, ತೀರಾ ಸಣ್ಣವು, ಇತರೆ. ಹೀಗೆ ಗುಂಪು ಮಾಡಿ ಗೆರೆ ಎಳೆಯುತ್ತ ಹೋದರೆ ಸಾಕು. ಕಿರಾಣಿ ಅಂಗಡಿಯಲ್ಲಿ ಚೀಲ ಎಣಿಸುವಾಗ ನಾಲ್ಕು ಗೀಟು ಹಾಕಿ ಅಡ್ಡ ಒಂದು ಗೀಟು ಎಳೆಯುತ್ತಾರಲ್ಲ, ಹಾಗೆ.

ಬರುವವರು ಯಾರ್ಯಾರು?

ಮೊದಲ ದಿನ ಎಲ್ಲವೂ ‘ಜೇನು’ ಮತ್ತು ‘ಹುಳ’ ಎಂದೇ ಕಾಣುತ್ತವೆ. ವಾರ ಕಳೆಯುವಷ್ಟರಲ್ಲಿ ಮುಖ ಪರಿಚಯ ಆಗುತ್ತದೆ.

ಹಲಬರ್ಗಾದಂಥ ಬಯಲುಸೀಮೆಯ ಹಿತ್ತಲಿಗೆ ಹೆಚ್ಚಾಗಿ ಬರುವುದು ಕಡ್ಡಿಜೇನು. ಬೇಲಿಯ ಕಡ್ಡಿಗೆ, ಜಾಲಿ ಟೊಂಗೆಗೆ ಅಂಗೈಯಗಲದ ಒಂದೇ ಹಲ್ಲೆ ಕಟ್ಟುವ ಸಣ್ಣ ಜೇನು ಇದು. ತುಳಸಿ ಹೂ ಬಿಟ್ಟಿದ್ದರೆ ಬೆಳಗಿನ ಒಂಬತ್ತರ ಹೊತ್ತಿಗೆ ಅದರ ಸುತ್ತ ಇದ್ದೇ ಇರುತ್ತದೆ. ಹೆಜ್ಜೇನು ನೀರಿನ ಟಾಕಿಗೆ, ದೊಡ್ಡ ಮರಕ್ಕೆ ಕಟ್ಟುವಂಥದ್ದು. ಹೊಲದ ಕಡೆ ಅದರ ಓಡಾಟ ಜಾಸ್ತಿ.

ಗುಂಯ್ ಎಂದು ಸದ್ದು ಮಾಡುತ್ತ ಬರುವ ದೊಡ್ಡ ಕಪ್ಪು ದುಂಬಿ, ನಮ್ಮಲ್ಲಿ ಮರಾಠಿ ಬಲ್ಲವರು ‘ಭುಂಗಾ’ ಅನ್ನುವುದು, ಖರೇ ಅಂದರೆ ಜೇನಿನದೇ ಜಾತಿ. ಒಣ ಮರದ ತೊಲೆಯಲ್ಲಿ, ಬಿದಿರಿನಲ್ಲಿ ತೂತು ಕೊರೆದು ಮರಿ ಮಾಡುತ್ತದೆ. ತೊಗರಿ ಹೂವಿನ ಎಸಳು ಅದರ ಭಾರಕ್ಕೆ ಸರಾಗವಾಗಿ ಬಿಚ್ಚಿಕೊಳ್ಳುತ್ತದೆ. ಗುಲಾಬಿ ಎಲೆಯ ಅಂಚಿನಲ್ಲಿ ಯಾರೋ ನಾಣ್ಯ ಇಟ್ಟು ಕತ್ತರಿಸಿದ ಹಾಗೆ ಗುಂಡಗೆ ತೂತು ಕಂಡರೆ ಔಷಧಿ ತರಲು ಓಡಬೇಡಿ. ಅದು ಎಲೆಕತ್ತರಿ ಜೇನಿನ ಕೆಲಸ. ಆ ತುಂಡನ್ನು ಒಯ್ದು ಮರಿಗೆ ಮನೆ ಕಟ್ಟುತ್ತದೆ. ಇದಕ್ಕೂ ತೊಗರಿ ಹೂವೆಂದರೆ ಬಲು ಇಷ್ಟ.

ಜೇನಿನ ವೇಷ ಹಾಕಿಕೊಂಡು ಬರುವ ಹೂನೊಣದ ಗುರುತು ಹಿಡಿಯುವುದು ಹೇಗೆ? ಜೇನಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ರೆಕ್ಕೆ ಎಣಿಸಲು ಆಗದಿದ್ದರೆ ಕಣ್ಣು ನೋಡಿ: ಮುಖದ ತುಂಬ ಕಣ್ಣೇ ಇದ್ದರೆ ನೊಣ. ಗಾಳಿಯಲ್ಲಿ ಒಂದೇ ಕಡೆ ನಿಂತು ತೂಗಾಡುತ್ತಿದ್ದರೆ ಹೂನೊಣವೇ ಇರಬೇಕು. ಕುಟುಕುವುದಿಲ್ಲ. ಹಲವು ಜಾತಿಯ ಹೂನೊಣದ ಮರಿಗಳು ಗಿಡದ ಹೇನು ತಿಂದು ಬದುಕುತ್ತವೆ. ಗುಲಗಂಜಿ ಹುಳುವಿನ ಕೆಲಸವೂ ಅದೇ.

ಕೆಲವರ ಲೆಕ್ಕ ಅಷ್ಟು ಸುಲಭ ಅಲ್ಲ. ಕೆಂಪು-ಕಪ್ಪು ಪಟ್ಟಿಯ ದುಂಬಿಯೊಂದು ತೊಗರಿ ಹೂವನ್ನೇ ತಿಂದು ಹಾಕುತ್ತದೆ. ಕೈಯಿಂದ ಹಿಡಿದರೆ ಚರ್ಮದ ಮೇಲೆ ಬೊಬ್ಬೆ ಏಳುತ್ತದೆ. ಆದರೆ ಅದರ ಮರಿಗಳು ಮಣ್ಣಿನಲ್ಲಿ ಮಿಡತೆಯ ಮೊಟ್ಟೆ ತಿನ್ನುತ್ತವೆ. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯೋಣ? ಎಣಿಸುವವರ ಕೆಲಸ ತೀರ್ಪು ಕೊಡುವುದಲ್ಲ. ‘ದುಂಬಿ’ ಎಂದು ಬರೆದು ಮುಂದೆ ಹೋಗುವುದು.

ಪಾತರಗಿತ್ತಿಗಳಂತೂ ಹಿತ್ತಲಿನ ಗಿಡ ನೋಡಿಯೇ ಬರುತ್ತವೆ. ಕರಿಬೇವು, ನಿಂಬೆ ಇದ್ದರೆ ಲೈಮ್ ಬಟರ್‌ಫ್ಲೈ. ಬೇಲಿಯಲ್ಲಿ ಎಕ್ಕೆ ಇದ್ದರೆ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್. ಕರಿಬೇವಿನ ಎಲೆ ತಿನ್ನುವ, ಎಳೆಯದಿದ್ದಾಗ ಹಕ್ಕಿ ಹಿಕ್ಕೆಯಂತೆ ಕಾಣುವ ಹುಳುವೇ ಮುಂದೆ ಆ ಚಿಟ್ಟೆ ಆಗುತ್ತದೆ ಎಂದು ತೋರಿಸಿದಾಗಿನಿಂದ ನಮ್ಮ ಅವ್ವ ಕರಿಬೇವು ಹರಿಯುವಾಗ ಎರಡು ಟೊಂಗೆ ಬಿಟ್ಟು ಹರಿಯುತ್ತಾಳೆ.

ಕುಂಬಳಕ್ಕೆ ಬೆಳಗು, ಹೀರೆಗೆ ಸಂಜೆ

ಎಣಿಕೆಗೆ ಕೂತರೆ ಹೂವಿನ ಗಡಿಯಾರವೂ ತಿಳಿಯುತ್ತದೆ. ಕುಂಬಳದ ಹೂವು ನಸುಕಿನಲ್ಲಿ ಅರಳಿ, ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಹತ್ತು ಗಂಟೆಗೆ ನಿಧಾನಕ್ಕೆ ಹೋಗಿ ಕೂತರೆ ನೋಟ್‌ಬುಕ್ಕಿನಲ್ಲಿ ಬರೆಯಲು ಏನೂ ಇರುವುದಿಲ್ಲ. ಹೀರೆ ಹೂವು ಅರಳುವುದೇ ಸಂಜೆ. ಅದಕ್ಕೆ ಬರುವವರಲ್ಲಿ ಪತಂಗಗಳೂ ಸೇರಿವೆ.

ಇವೆರಡರಲ್ಲೂ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಸಣ್ಣ ಹೀಚು ಇರುತ್ತದೆ. ಯಾರಾದರೂ ಪರಾಗ ತಂದು ಮುಟ್ಟಿಸದಿದ್ದರೆ ಆ ಹೀಚು ಹಳದಿಯಾಗಿ ಉದುರುತ್ತದೆ. ‘ಬಳ್ಳಿ ತುಂಬ ಹೂವ ಅವ, ಕಾಯಿ ಒಂದೂ ನಿಲ್ಲವಲ್ದು’ ಎಂದು ಹೆಣ್ಣುಮಕ್ಕಳು ಹೇಳುವುದನ್ನು ಎಲ್ಲರೂ ಕೇಳಿರುತ್ತೀರಿ. ಗೊಬ್ಬರ ಹಾಕುವ ಮುಂಚೆ ಹತ್ತು ನಿಮಿಷ ಎಣಿಸಿ ನೋಡ್ರಿ. ಹೂವಿಗೆ ಯಾರೂ ಬಾರದಿದ್ದರೆ ಗೊಬ್ಬರ ಏನು ಮಾಡೀತು? ಅಂಥ ಹೊತ್ತಿನಲ್ಲಿ ಗಂಡು ಹೂ ಕಿತ್ತು, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿದರೆ ಕಾಯಿ ನಿಲ್ಲುತ್ತದೆ.

ಎಣಿಸಿದವರಿಂದ ಏನಾಯಿತು?

‘ಇದರಿಂದ ಏನ್ ಆಗ್ತದ?’ ಎಂಬುದು ಊರಿನಲ್ಲಿ ನನಗೆ ಎಲ್ಲರೂ ಕೇಳಿದ ಪ್ರಶ್ನೆ. ಜಗತ್ತಿನಲ್ಲಿ ಆಗಿದ್ದನ್ನು ನೋಡಿ.

ಜರ್ಮನಿಯ ಕ್ರೆಫೆಲ್ಡ್ ಎಂಬ ಊರಿನಲ್ಲಿ ಹವ್ಯಾಸಿ ಕೀಟಾಸಕ್ತರ ಸಂಘವೊಂದಿದೆ. ಅವರು ಸಂರಕ್ಷಿತ ಪ್ರದೇಶಗಳಲ್ಲಿ ಬಲೆ ಕಟ್ಟಿ, ಬಿದ್ದ ಹಾರುವ ಕೀಟಗಳನ್ನು ತೂಕ ಮಾಡಿ ಬರೆದಿಡುತ್ತ ಬಂದರು. 63 ಕಡೆ, 27 ವರ್ಷ. 2017ರಲ್ಲಿ ಆ ಲೆಕ್ಕ ಪ್ರಕಟವಾದಾಗ ಜಗತ್ತು ಬೆಚ್ಚಿತು: ಹಾರುವ ಕೀಟಗಳ ಒಟ್ಟು ತೂಕ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಬ್ರಿಟನ್ನಿನಲ್ಲಿ 2010ರಿಂದ ಜನ ಬೇಸಿಗೆಯಲ್ಲಿ 15 ನಿಮಿಷ ಚಿಟ್ಟೆ ಎಣಿಸುತ್ತಾರೆ. 2023ರಲ್ಲಿ ಒಂದು ಎಣಿಕೆಗೆ ಸರಾಸರಿ 12 ಚಿಟ್ಟೆ ಸಿಕ್ಕಿದ್ದವು. 2024ರಲ್ಲಿ 7. ‘ಕಮ್ಮಿ ಆಗ್ಯಾವ’ ಎಂಬ ಮಾತಿಗೆ ಅಲ್ಲಿ ಅಂಕಿ ಇದೆ.

ನಮಗೆ ಇನ್ನೂ ಹತ್ತಿರದ ಕಥೆ ಬೇಕೆಂದರೆ, ಮಳೆಗಾಲದ ಕೊನೆಗೆ ಹೊಲದ ಮೇಲೆ ಗುಂಪುಗುಂಪಾಗಿ ಹಾರುವ ಏರೋಪ್ಲೇನ್ ಚಿಟ್ಟೆಯದು. ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಚಾರ್ಲ್ಸ್ ಆಂಡರ್ಸನ್ ಸಮುದ್ರ ಜೀವಿಗಳ ತಜ್ಞ, ಕೀಟಗಳ ತಜ್ಞ ಅಲ್ಲ. ನಿಂತ ನೀರೇ ಅಪರೂಪವಾದ ಆ ದ್ವೀಪಗಳಿಗೆ ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ಇವು ಎಲ್ಲಿಂದ ಬರುತ್ತವೆ ಎಂಬ ಕುತೂಹಲಕ್ಕೆ ಬಂದ ದಿನಾಂಕಗಳನ್ನು ಬರೆದಿಟ್ಟರು. ಆ ದಾಖಲೆಗಳಿಂದ 2009ರಲ್ಲಿ ಅವರು ಮುಂದಿಟ್ಟ ವಿವರಣೆ ಇದು: ಇವು ಭಾರತದಿಂದ ಹೊರಟು, ಗಾಳಿಯ ಬೆನ್ನೇರಿ, ಹಿಂದೂ ಮಹಾಸಾಗರ ದಾಟಿ ಆಫ್ರಿಕಾಕ್ಕೆ ಹೋಗುತ್ತವೆ. ಹೋಗಿ ಬರುವ ದಾರಿ 14,000ದಿಂದ 18,000 ಕಿಲೋಮೀಟರ್. ಅದನ್ನು ಒಂದೇ ಹುಳು ಮುಗಿಸುವುದಿಲ್ಲ, ನಾಲ್ಕು ತಲೆಮಾರು ಬೇಕು. ಒಬ್ಬ ಮನುಷ್ಯ ದಿನಾಂಕ ಬರೆದಿಟ್ಟದ್ದರಿಂದ ಇದು ತಿಳಿಯಿತು.

ಖಾಲಿ ಬೇರೆ, ಸೊನ್ನೆ ಬೇರೆ

ನಮ್ಮ ದೇಶದಲ್ಲೂ ಇಂಥ ಕೆಲಸ ನಡೆದಿದೆ. 2020ರಿಂದ ಸೆಪ್ಟೆಂಬರ್ ತಿಂಗಳನ್ನು ಚಿಟ್ಟೆಗಳ ತಿಂಗಳು ಎಂದು ಆಚರಿಸಿ, ಜನ ಕಂಡ ಚಿಟ್ಟೆಗಳ ದಾಖಲೆ ಸೇರಿಸುತ್ತಾರೆ. ಜುಲೈ ಕೊನೆಯ ವಾರ ಪತಂಗಗಳಿಗೆ ಮೀಸಲು. 2012ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಸಪ್ತಾಹದಲ್ಲಿ ನಮ್ಮವರೂ ಬಿಳಿ ಬಟ್ಟೆ ಕಟ್ಟಿ, ದೀಪ ಹಚ್ಚಿ ಕೂರುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರ ‘ಬಟರ್‌ಫ್ಲೈಸ್ ಆಫ್ ಇಂಡಿಯಾ’ ಜಾಲತಾಣದಲ್ಲಿ ದೇಶದ ಚಿಟ್ಟೆಗಳ ಮಾಹಿತಿ ಇದೆ. ಅಲ್ಲಿನ ಫೋಟೊಗಳಲ್ಲಿ ಬಹುಪಾಲು ಸಾಮಾನ್ಯ ಆಸಕ್ತರು ಕಳಿಸಿದ್ದು, ತಜ್ಞರು ಪರಿಶೀಲಿಸಿದ್ದು. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್‌ಗಳಲ್ಲಿ ಯಾವ ಕೀಟದ ಫೋಟೊವನ್ನಾದರೂ ಹಾಕಬಹುದು. ಬಲ್ಲವರು ಹೆಸರು ಹೇಳುತ್ತಾರೆ.

ಆದರೆ ಈ ನಕ್ಷೆಗಳನ್ನು ತೆರೆದು ನೋಡಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಬೆಂಗಳೂರು, ಪಶ್ಚಿಮ ಘಟ್ಟದ ಕಡೆ ಚುಕ್ಕೆಗಳು ಒತ್ತೊತ್ತಾಗಿವೆ. ಮೇಲಕ್ಕೆ ಬಂದ ಹಾಗೆ ವಿರಳ. ಬೀದರ್, ಭಾಲ್ಕಿ, ಔರಾದ್ ಕಡೆ ಬಂದರೆ ಹುಡುಕಬೇಕು.

ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್. ಅಲ್ಲಿ ಮೊದಲು ಕಲಿಸುವ ಪಾಠಗಳಲ್ಲಿ ಒಂದು: ಖಾಲಿ ಬೇರೆ, ಸೊನ್ನೆ ಬೇರೆ. ಕೋಷ್ಟಕದ ಮನೆಯಲ್ಲಿ ಸೊನ್ನೆ ಇದ್ದರೆ, ಯಾರೋ ನೋಡಿದ್ದಾರೆ, ಏನೂ ಇರಲಿಲ್ಲ ಎಂದರ್ಥ. ಮನೆ ಖಾಲಿ ಇದ್ದರೆ, ಯಾರೂ ನೋಡಿಯೇ ಇಲ್ಲ ಎಂದರ್ಥ. ನಕ್ಷೆಯಲ್ಲಿ ನಮ್ಮ ಊರು ಖಾಲಿ. ನೋಡುವವರಿಗೆ ಅದು ಸೊನ್ನೆಯಂತೆ ಕಾಣುತ್ತದೆ. ಘಟ್ಟದಲ್ಲಿ ಜೀವ ಇದೆ, ಬಯಲುಸೀಮೆಯಲ್ಲಿ ಏನದ ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಹಾಗಾಗಿ ಹತ್ತು ನಿಮಿಷ ಕೂತು ಒಂದು ಹುಳುವೂ ಬಾರದಿದ್ದರೆ ಬೇಜಾರಾಗಿ ಪುಟ ಹರಿಯಬೇಡಿ. ಸೊನ್ನೆ ಎಂದು ಬರೆಯಿರಿ. ಅದೂ ಒಂದು ಸುದ್ದಿ.

ಕಾಕಾನ ತೊಗರಿ ಹೊಲದಲ್ಲಿ

ಹಿತ್ತಲಿನಲ್ಲಿ ಎಣಿಸುವುದು ಸುಖದ ಕೆಲಸ. ಹೊಲದಲ್ಲಿ ಎಣಿಸಲು ಹೋದಾಗ ಮಾತು ಬೇರೆಯೇ ಆಯಿತು.

ತೊಗರಿ ಹೂ ತುಂಬಿದ್ದ ದಿನಗಳವು. ಚೌಕ ಹಿಡಿದು ಬದುವಿನ ಹತ್ತಿರ ಕೂತಿದ್ದೆ. ಕಾಕಾ ಬಂದು ನೋಡಿ, ‘ತಮ್ಮಾ, ಕೀಡಿ ಬಿಟ್ಟು ಜೇನ ಎಣಿಸ್ಲತ್ತೀ?’ ಎಂದು ನಕ್ಕರು. ಜೇನು ಕಮ್ಮಿ ಆದರೆ ಕಷ್ಟ ಎಂದು ಹೇಳಿದೆ. ಅವರು ಹೇಳಿದ್ದು ಈಗಲೂ ಕಿವಿಯಲ್ಲಿದೆ: ‘ಜೇನ ಬರಲಿಲ್ಲಂದ್ರ ತೊಗರಿ ನಿಂದರಲ್ಲೇನು? ನಿಂದರತದ. ಕೀಡಿ ಬಂತಂದ್ರ ಮನೀನೇ ನಿಂದರಲ್ಲ.’

ಅವರ ಮಾತು ತೆಗೆದು ಹಾಕುವಂಥದ್ದಲ್ಲ. 1997-98ರಲ್ಲಿ ಈ ಭಾಗದ ತೊಗರಿ ಕೈಕೊಟ್ಟು, ಸಾಲದ ಹೊರೆಯಲ್ಲಿ ಬೀದರ್ ಜಿಲ್ಲೆಯ ರೈತರು ಜೀವ ಕಳೆದುಕೊಂಡದ್ದನ್ನು ಕಣ್ಣಾರೆ ಕಂಡ ತಲೆಮಾರು ಅವರದು. ತೊಗರಿ ಹೂವು ಹೆಚ್ಚಿನ ಮಟ್ಟಿಗೆ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ ಎಂಬುದೂ ನಿಜ. ಆದರೆ ಪೂರ್ತಿ ಅಲ್ಲ. ಸರಾಸರಿ ನೂರಕ್ಕೆ ಇಪ್ಪತ್ತರ ಆಸುಪಾಸು ಕಾಳಿಗೆ ಬೇರೆ ಗಿಡದ ಪರಾಗ ಕಾರಣ, ಮತ್ತು ಅದನ್ನು ತರುವುದು ಕೀಟಗಳೇ. ಬೀದರ್‌ನಿಂದ ಹೈದರಾಬಾದ್ ದಾರಿಯಲ್ಲಿ ಸಿಗುವ ಪಟಾಂಚೇರುವಿನ ಇಕ್ರಿಸ್ಯಾಟ್ ಸಂಸ್ಥೆ ಹೈಬ್ರಿಡ್ ತೊಗರಿ ಬೀಜ ತಯಾರಿಸಿದ್ದು ಈ ಕೀಟಗಳನ್ನೇ ನಂಬಿ. ಪರಾಗವೇ ಇಲ್ಲದ ತಾಯಿ ಸಾಲಿಗೆ, ಪಕ್ಕದ ಸಾಲಿನಿಂದ ಪರಾಗ ಹೊತ್ತು ತರುವುದು ಜೇನು. ಇನ್ನು ಸೂರ್ಯಕಾಂತಿಗಂತೂ ಜೇನು ಬೇಕೇ ಬೇಕು. ತೊಗರಿಯಲ್ಲಿ ಸತ್ತ ಜೇನು, ಪಕ್ಕದ ಹೊಲದ ಸೂರ್ಯಕಾಂತಿಗೂ ಹಿತ್ತಲಿನ ಕುಂಬಳಕ್ಕೂ ಬರುವುದಿಲ್ಲ.

ನಾನು ವಾದ ಮಾಡಲಿಲ್ಲ. ಸಿಂಪಡಣೆಯ ಹಿಂದಿನ ದಿನ ಮತ್ತು ಮರುದಿನ, ಒಂದೇ ಹೊತ್ತಿಗೆ, ಹೊಲದಲ್ಲಿ ಮೂರು ಕಡೆ ಎಣಿಸಿದೆ. ಅದೇ ಎರಡು ದಿನ ಔಷಧಿ ಕಾಣದ ಹಿತ್ತಲಿನಲ್ಲೂ ಎಣಿಸಿದೆ. ಬಿಸಿಲು, ಗಾಳಿಯ ವ್ಯತ್ಯಾಸದಿಂದ ಕಮ್ಮಿ ಆಗಿದ್ದರೆ ಎರಡೂ ಕಡೆ ಆಗಬೇಕಲ್ಲ? ಹಿತ್ತಲಿನ ಎಣಿಕೆ ಹೆಚ್ಚು ಕಡಿಮೆ ಹಾಗೇ ಇತ್ತು. ಹೊಲದಲ್ಲಿ ಮೊದಲ ದಿನ ಸಾಲುಸಾಲು ಗೀಟು, ಮರುದಿನದ ಪುಟದಲ್ಲಿ ಒಂದು, ಸೊನ್ನೆ, ಎರಡು. ಎರಡು ದಿನದ ಲೆಕ್ಕದಿಂದ ಸಿದ್ಧಾಂತ ಹೊರಡುವುದಿಲ್ಲ. ಆದರೆ ಕಾಕಾ ಆ ಪುಟವನ್ನು ಬಹಳ ಹೊತ್ತು ನೋಡಿದರು.

‘ಹಂಗಾದ್ರ ಏನ್ ಮಾಡಬೇಕಂತಿ? ಹೊಡೀಬ್ಯಾಡ ಅಂತೀಯೇನು?’ ಹೊಡೆಯಬೇಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಬೆಳೆ ಅವರದು, ಸಾಲ ಅವರದು. ಹೊತ್ತು ಬದಲಿಸಬಹುದಾ ಎಂದು ಕೇಳಿದೆ. ಜೇನಿನ ಓಡಾಟ ಜೋರಾಗಿರುವುದು ಬೆಳಗಿನಿಂದ ಮಧ್ಯಾಹ್ನದವರೆಗೆ. ಅವು ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೆದರೆ ಏಟು ಕಡಿಮೆ. ಕೃಷಿ ತಜ್ಞರೂ ಇದನ್ನೇ ಹೇಳುತ್ತಾರೆ. ಕಾಕಾನ ತಕರಾರೂ ಸಣ್ಣದಲ್ಲ: ಸಂಜೆ ಆಳು ಸಿಗುವುದಿಲ್ಲ, ಬಾಡಿಗೆ ಪಂಪು ಸಿಗುವುದಿಲ್ಲ, ಕತ್ತಲಾದರೆ ಹಾವಿನ ಭಯ. ಕೊನೆಗೆ ಆದದ್ದು ಇಷ್ಟು. ಮುಂದಿನ ಸಲ ಮೊದಲು ತಾಡಪತ್ರಿ ಹಾಸಿ ಕೀಡಿ ಎಣಿಸಿದರು. ಹೊಡೆಯುವಷ್ಟು ಇಲ್ಲ ಎನಿಸಿ ನಾಲ್ಕು ದಿನ ತಡೆದರು. ಆಮೇಲೆ ನಾಲ್ಕು ಗಂಟೆಗೆ ಶುರು ಮಾಡಿ, ಅರ್ಧ ಹೊಲ ಒಂದು ಸಂಜೆ, ಅರ್ಧ ಮರುದಿನ ಸಂಜೆ ಹೊಡೆಸಿದರು. ಖರ್ಚು ಸ್ವಲ್ಪ ಜಾಸ್ತಿ ಬಂತು. ಅದನ್ನೂ ಬರೆದಿಟ್ಟಿದ್ದೇನೆ.

ಒಂದು ಮಾತು ರೈತ ಓದುಗರಿಗೆ. ಔಷಧಿ ಬಾಟಲಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಇರುತ್ತದಲ್ಲ, ಅದು ಮನುಷ್ಯರಿಗೆ ಎಷ್ಟು ವಿಷ ಎಂಬುದರ ಗುರುತು. ಹಸಿರು, ನೀಲಿ ಇದ್ದರೆ ಜೇನಿಗೂ ಏನಾಗುವುದಿಲ್ಲ ಎಂದು ತಿಳಿಯಬೇಡಿ.

ನೀವೂ ಶುರು ಮಾಡುವುದಾದರೆ

ಒಂದೇ ಗಿಡ, ಒಂದೇ ಜಾಗ, ಒಂದೇ ಹೊತ್ತು ಇರಲಿ. ವಾರಕ್ಕೊಂದು ಸಲ ಸಾಕು. ತುಳಸಿ, ಚೆಂಡುಹೂ, ಕುಂಬಳ, ಯಾವುದಾದರೂ ಆದೀತು. ಮಕ್ಕಳನ್ನು ಕೂರಿಸಿಕೊಳ್ಳಿ. ಅವರ ಕಣ್ಣು ನಮಗಿಂತ ಚುರುಕು. ಹುಳು ಹಿಡಿಯುವುದು ಬೇಡ, ಜೇನುಗೂಡಿನ ಹತ್ತಿರ ಹೋಗುವುದಂತೂ ಬೇಡವೇ ಬೇಡ. ಫೋಟೊ ಸಿಕ್ಕರೆ ಐನ್ಯಾಚುರಲಿಸ್ಟ್‌ಗೆ ಹಾಕಿ. ಮನೆಯ ಜಾಗ ಎಲ್ಲರಿಗೂ ಕಾಣುವುದು ಬೇಡವಾದರೆ ಅದನ್ನು ಮಸುಕು ಮಾಡುವ ಸೌಲಭ್ಯ ಅಲ್ಲಿದೆ. ಹುಳುಗಳ ಕನ್ನಡ ಹೆಸರು ಸೇರಿಸಲೂ ಅವಕಾಶ ಇದೆ. ನಿಮ್ಮ ಊರಿನ ಮುತ್ಯಾ, ಆಯಿ ಬಾಯಲ್ಲಿ ಉಳಿದ ಹೆಸರುಗಳನ್ನು ಕೇಳಿ ಬರೆಯಿರಿ. ಮೊಬೈಲ್ ಇಲ್ಲದಿದ್ದರೂ ಚಿಂತೆ ಇಲ್ಲ. ಐದು ವರ್ಷದ ಒಂದು ನೋಟ್‌ಬುಕ್ಕು, ಒಂದು ದಿನದ ನೂರು ಫೋಟೊಗಳಿಗಿಂತ ಹೆಚ್ಚು ಹೇಳುತ್ತದೆ.

ನಮ್ಮ ಭಾಗದವರಿಗೆ ಒಂದು ಸಲಹೆಯೂ ಇದೆ. ಎಳ್ಳ ಅಮಾವಾಸ್ಯೆಯಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಭಜ್ಜಿ, ಕಡುಬು, ರೊಟ್ಟಿ ಕಟ್ಟಿಕೊಂಡು ಹೋಗಿ, ಭೂತಾಯಿಗೆ ಪೂಜೆ ಮಾಡಿ, ಹೊಲದ ತುಂಬ ಚರಗ ಚೆಲ್ಲುತ್ತೇವೆ. ಹೊಲದ ಜೀವಗಳಿಗೂ ಒಂದು ಪಾಲು ಇರಲಿ ಎಂದು. ಆಗ ಕಡಲೆ ಹೂವಿನಲ್ಲಿರುತ್ತದೆ, ಎಲ್ಲೋ ಒಂದು ಕಡೆ ಸಾಸಿವೆಯೋ ಸೂರ್ಯಕಾಂತಿಯೋ ಅರಳಿರುತ್ತದೆ. ಊಟ ಆದ ಮೇಲೆ, ಜಮಖಾನೆ ಮಡಿಚುವ ಮೊದಲು, ಒಂದು ಹೂವಿನ ಮುಂದೆ ಹತ್ತು ನಿಮಿಷ ಕೂರೋಣ. ಪಾಲು ತಿನ್ನಲು ಎಷ್ಟು ಮಂದಿ ಉಳಿದಿದ್ದಾರೆ ಎಂದು ಎಣಿಸಿ, ತಾರೀಖು ಹಾಕಿ ಬರೆದಿಡೋಣ.